ಮುಟ್ಟಿನ ನೋವು ಮತ್ತು ನನ್ನ ಸ್ಟೀಲ್ ಬಾಟಲಿ

ನಮ್ಮ ಅಡುಗೆಮನೆ ಗೋಡೆಗೆ ವರ್ಷವರ್ಷವೂ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕುತ್ತೇವೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ದುಡ್ಡು ಕಟ್ಟುವ ದಿನ ಎಲ್ಲ ಅದರ ಮೇಲೆಯೇ. ಜೊತೆಗೆ ತಿಂಗಳಿಗೊಂದು ಸಣ್ಣ ಕೆಂಪು ಚುಕ್ಕಿ. ಅದು ನನ್ನದು. ನನ್ನ ಗಂಡ ಮೊದಮೊದಲು ಅದನ್ನು ಏಕಾದಶಿಯ ಗುರುತು ಅಂದುಕೊಂಡಿದ್ದರಂತೆ.

ಚುಕ್ಕಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಅಂಕಿ ಬರೆಯುತ್ತೇನೆ. ಹತ್ತಕ್ಕೆ ಎಷ್ಟು ನೋವಿತ್ತು ಅಂತ. ಹಳೇ ಕ್ಯಾಲೆಂಡರ್‌ಗಳನ್ನು ಎಸೆದಿಲ್ಲ. 2019ರದ್ದು ತೆಗೆದು ನೋಡಿದರೆ 8, 9, 8, 9 ಅಂತಲೇ ಇದೆ. ಈಗ 3 ಅಥವಾ 4. ಕೆಟ್ಟ ತಿಂಗಳಾದರೆ 5. ಸೊನ್ನೆ ಯಾವತ್ತೂ ಆಗಿಲ್ಲ. ಸೊನ್ನೆ ಮಾಡಿಕೊಡುತ್ತೇವೆ ಅನ್ನುವವರನ್ನು ನಾನು ನಂಬುವುದೂ ಇಲ್ಲ.

ನನ್ನ ಊರು ತಿಪಟೂರಿನ ಹತ್ತಿರ. ನಾನು ದೊಡ್ಡವಳಾದಾಗ ಅಜ್ಜಿ ಎಳ್ಳು, ಬೆಲ್ಲ, ಕೊಬ್ಬರಿ ಹಾಕಿ ಒರಳಿನಲ್ಲಿ ಕುಟ್ಟಿ ಚಿಗಳಿ ಮಾಡಿ ತಿನ್ನಿಸಿದ್ದರು. ಸೊಂಟ ಗಟ್ಟಿಯಾಗುತ್ತೆ ಅಂತ. ಆ ರುಚಿ ಇವತ್ತಿಗೂ ನಾಲಿಗೆ ಮೇಲಿದೆ. ಆರತಿ ಎತ್ತಿದರು, ಹಾಡು ಹೇಳಿದರು, ಹೊಸ ಬಟ್ಟೆ ಕೊಟ್ಟರು. ನೋವಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಮೂರನೇ ತಿಂಗಳು ಹೊಟ್ಟೆ ಹಿಡಿದು ಹೊರಳಾಡಿದಾಗ, ‘ಹೆಣ್ಣು ಅಂದ್ಮೇಲೆ ಇದ್ದದ್ದೇ’ ಅಂದರು. ಕಾಲೇಜಿಗೆ ಬಂದಾಗ, ‘ಮದುವೆಯಾದ್ರೆ ಸರಿಹೋಗುತ್ತೆ’. ಮದುವೆಯಾದ ಮೇಲೆ, ‘ಒಂದು ಮಗು ಆಗ್ಲಿ’. ಮಗಳೂ ಹುಟ್ಟಿದಳು. ನೋವು ಅಲ್ಲೇ ಇತ್ತು.

ಒದ್ದೆ ಸೀರೆಯನ್ನು ಇಬ್ಬರು ಹಿಡಿದು ಹಿಂಡುತ್ತಾರಲ್ಲ, ಕಿಬ್ಬೊಟ್ಟೆಯನ್ನು ಹಾಗೆ ಹಿಂಡುತ್ತಿತ್ತು. ಸೊಂಟದಿಂದ ತೊಡೆಯವರೆಗೆ ಸೆಳೆತ. ವಾಕರಿಕೆ. ಅದರ ಮೇಲೆ ಭೇದಿ ಬೇರೆ. ಆಗ ನಾನು ದಿನಾ ತುಮಕೂರಿನಿಂದ ಯಶವಂತಪುರಕ್ಕೆ ಟ್ರೇನಿನಲ್ಲಿ ಓಡಾಡುತ್ತಿದ್ದೆ, ಈಗಲೂ ಓಡಾಡುತ್ತೇನೆ. ಒಂದು ಬೆಳಿಗ್ಗೆ ದಾಬಸ್‌ಪೇಟೆ ದಾಟುವ ಹೊತ್ತಿಗೆ ಮೈಯೆಲ್ಲ ತಣ್ಣನೆ ಬೆವತು, ಕಣ್ಣು ಕತ್ತಲಾಗಿ, ಬೋಗಿಯ ನೆಲದ ಮೇಲೇ ಕೂತುಬಿಟ್ಟೆ. ಯಾರೋ ನೀರು ಕೊಟ್ಟರು, ಇನ್ಯಾರೋ ಟಿಫನ್ ಬಾಕ್ಸ್ ಮುಚ್ಚಳದಲ್ಲಿ ಗಾಳಿ ಬೀಸಿದರು. ಆಮೇಲೆ ಶುರುವಾಯಿತು ನೋಡಿ ಸಮ್ಮೇಳನ. ಓಂಕಾಳು ಉಪ್ಪು ಅಗಿ ಅಂತ ಒಬ್ಬರು. ಮೆಂತ್ಯ ನುಂಗು ಅಂತ ಇನ್ನೊಬ್ಬರು. ಹೊಕ್ಕುಳಿಗೆ ಹರಳೆಣ್ಣೆ, ಜೀರಿಗೆ ನೀರು, ಬಿಸಿ ಹಾಲಿಗೆ ಅರಿಶಿನ. ಯಶವಂತಪುರ ಬರುವಷ್ಟರಲ್ಲಿ ಹನ್ನೊಂದು ಮದ್ದು ಸಿಕ್ಕಿತ್ತು. ಅಷ್ಟು ಹೆಂಗಸರು ದಿನಾ ಒಟ್ಟಿಗೆ ಓಡಾಡಿದ್ದೇವೆ, ಈ ಮಾತು ಅವತ್ತಿನವರೆಗೆ ಬಂದಿರಲಿಲ್ಲ.

ಹನ್ನೊಂದನ್ನೂ ಪರೀಕ್ಷೆ ಮಾಡೋಣ ಅಂತ ಹಟ ಬಂತು. ಅದಕ್ಕೂ ಮುಂಚೆ ಒಂದು ಸಲ ಡಾಕ್ಟರ ಹತ್ತಿರ ಹೋಗಿಬಂದೆ. ಸ್ಕ್ಯಾನ್ ಮಾಡಿಸಿದರು, ಗಡ್ಡೆ ಗಿಡ್ಡೆ ಏನೂ ಇರಲಿಲ್ಲ. ಆ ಡಾಕ್ಟರಮ್ಮ ಹತ್ತು ನಿಮಿಷ ಕೂರಿಸಿಕೊಂಡು ವಿವರಿಸಿದ್ದು ಅಲ್ಲಿಯವರೆಗೆ ನನಗೆ ಯಾರೂ ಹೇಳದ ಸಂಗತಿ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ. ಹಿಂಡುವಾಗ ರಕ್ತನಾಳಗಳೂ ಒತ್ತಿಹೋಗಿ ಸ್ನಾಯುವಿಗೆ ಆಮ್ಲಜನಕ ಸಾಲದೆ ನೋಯುತ್ತದೆ. ಅದೇ ರಾಸಾಯನಿಕ ಪಕ್ಕದ ಕರುಳನ್ನೂ ಕೆಣಕುತ್ತದೆ, ಅದಕ್ಕೇ ಭೇದಿ. ಹೋಟೆಲ್ ಊಟದ ಮೇಲೆ ತಪ್ಪು ಹೊರಿಸಿ ಎಷ್ಟು ವರ್ಷ ಕಳೆದಿದ್ದೆನೋ!

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ‘ನೀವು ಏನೇ ಮಾಡಿ, ನೋವು ಏರಿದ ಮೇಲೆ ಮಾಡಬೇಡಿ. ಏರೋಕೆ ಮುಂಚೆ ಮಾಡಿ.’

ಕ್ಯಾಲೆಂಡರಿನ ಚುಕ್ಕಿ ಶುರುವಾದದ್ದು ಅಲ್ಲಿಂದ. ನಾಲ್ಕೈದು ತಿಂಗಳು ಬರೆದ ಮೇಲೆ ನನ್ನ ನೋವಿನ ದಾರಿ ಕಾಣಿಸಿತು. ಸ್ರಾವ ಶುರುವಾಗುವ ಮೂರ್ನಾಲ್ಕು ಗಂಟೆ ಮೊದಲು ಸೊಂಟದ ಕೆಳಗೆ ಒಂದು ಭಾರ. ಆಮೇಲಿನ ಹನ್ನೆರಡು ಗಂಟೆ ಪರಮಾವಧಿ. ಎರಡನೇ ದಿನ ಸಂಜೆಗೆ ಎಲ್ಲ ತಣ್ಣಗೆ. ಅಂದರೆ ನಾನು ಹೆದರಿಕೊಂಡು ಬದುಕುತ್ತಿದ್ದದ್ದು ಬರೀ ಒಂದೂವರೆ ದಿನಕ್ಕೆ. ಆ ಸೊಂಟದ ಭಾರ ಬಂದ ತಕ್ಷಣ ಎದ್ದು ಕೆಲಸ ಶುರುಮಾಡಬೇಕು. ಇಷ್ಟು ಗೊತ್ತಾದದ್ದೇ ನನಗೆ ಅರ್ಧ ಮದ್ದು.

ಮದ್ದುಗಳಲ್ಲಿ ಮೊದಲ ಸ್ಥಾನ ಶಾಖಕ್ಕೆ. ಬೇರೆ ಯಾವುದೂ ಅದರ ಹತ್ತಿರಕ್ಕೂ ಬರಲಿಲ್ಲ. ಶಾಖ ಸ್ನಾಯುವನ್ನು ಸಡಿಲಿಸಿ ರಕ್ತ ಓಡುವ ಹಾಗೆ ಮಾಡುತ್ತದೆ. ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ಗಂಟೆಗಟ್ಟಲೆ ಹೊಟ್ಟೆಗೆ ಕಟ್ಟಿ, ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆಯ ಜೊತೆ ಹೋಲಿಸಿ ನೋಡಿದವರಿದ್ದಾರೆ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಕೆಲಸ ಮಾಡಿದವು. 39 ಡಿಗ್ರಿ ಅಂದರೆ ಏನು ಮಹಾ? ಜ್ವರ ಬಂದವರ ಮೈಯಷ್ಟು ಬಿಸಿ. ಇದು ಗೊತ್ತಿಲ್ಲದೆ ನಾನು ಪೆಟ್ಟು ತಿಂದೆ. ಜಾಸ್ತಿ ಬಿಸಿ ಇದ್ದರೆ ಜಾಸ್ತಿ ಗುಣ ಅಂದುಕೊಂಡು, ಕುದಿಯುವ ನೀರನ್ನೇ ರಬ್ಬರ್ ಚೀಲಕ್ಕೆ ಸುರಿದು, ತೆಳ್ಳನೆ ನೈಟಿ ಮೇಲೆ ಇಟ್ಟುಕೊಂಡು ನಿದ್ದೆ ಹೋಗುತ್ತಿದ್ದೆ. ಕೆಲವು ತಿಂಗಳಲ್ಲಿ ಹೊಟ್ಟೆ ಮೇಲೆ ಬಲೆ ಹೆಣೆದ ಹಾಗೆ ಕಂದು ಗೆರೆಗಳು ಮೂಡಿದವು. ಮೇಲಿಂದ ಮೇಲೆ ಶಾಖ ತಗುಲಿ ಚರ್ಮಕ್ಕೆ ಆಗುವ ಹಾನಿಯಂತೆ ಅದು. ಮಾಸಲು ಒಂದು ವರ್ಷವೇ ಬೇಕಾಯಿತು.

ಈಗಿನ ಪದ್ಧತಿ ಹೀಗಿದೆ. ನೀರು ಕುದಿಸುವುದಿಲ್ಲ, ಸ್ನಾನದ ನೀರಿಗಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡುತ್ತೇನೆ. ಚೀಲವನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಒತ್ತಿ ಗಾಳಿ ತೆಗೆದು ಮುಚ್ಚಳ ಹಾಕುತ್ತೇನೆ. ಗಾಳಿ ಇದ್ದರೆ ಚೀಲ ಊದಿಕೊಂಡು ಹೊಟ್ಟೆಗೆ ಅಂಟಿ ಕೂರುವುದಿಲ್ಲ. ಹಳೇ ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಕಿಬ್ಬೊಟ್ಟೆಗೆ, ಆಮೇಲೆ ಸೊಂಟಕ್ಕೆ. ಇಟ್ಟುಕೊಂಡು ಮಲಗುವುದಿಲ್ಲ. ಕರೆಂಟಿನ ಹೀಟಿಂಗ್ ಪ್ಯಾಡೂ ಇದೆ, ಚೆನ್ನಾಗಿದೆ, ಆದರೆ ಅದರ ವೈರ್ ಹಿಡಿದು ಪ್ಲಗ್ ಹುಡುಕುವುದೇ ಒಂದು ಕೆಲಸ. ಊರಿಗೆ ಹೋದಾಗ ಅಜ್ಜಿಯ ಉಪ್ಪಿನ ಗಂಟು ಸಾಕು. ಕಲ್ಲುಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ದಪ್ಪ ಬಟ್ಟೆಯಲ್ಲಿ ಕಟ್ಟಿ, ಮೊದಲು ಮುಂಗೈ ಮೇಲೆ ಇಟ್ಟು ನೋಡಿ ಆಮೇಲೆ ಹೊಟ್ಟೆಗೆ.

ಟ್ರೇನಿನಲ್ಲಿ ಏನು ಮಾಡುವುದು? ಇಲ್ಲಿ ಬಂತು ಸ್ಟೀಲ್ ಬಾಟಲಿ. ಫ್ಲಾಸ್ಕ್ ಆಗುವುದಿಲ್ಲ, ಅದು ಬಿಸಿಯನ್ನು ಒಳಗೇ ಬಚ್ಚಿಟ್ಟುಕೊಳ್ಳುತ್ತದೆ. ಮಕ್ಕಳು ಸ್ಕೂಲಿಗೆ ಒಯ್ಯುವ ಒಂದೇ ಪದರದ ಅರ್ಧ ಲೀಟರಿನ ಬಾಟಲಿ ಬೇಕು. ಬಿಸಿನೀರು ತುಂಬಿಸಿ, ಮಗಳ ಹಳೇ ಉಣ್ಣೆ ಕಾಲುಚೀಲದೊಳಗೆ ತೂರಿಸಿ, ಚೂಡಿದಾರದ ಸೊಂಟದ ಪಟ್ಟಿಗೆ ಸಿಕ್ಕಿಸಿ ಮೇಲೆ ದುಪಟ್ಟಾ ಹೊದೆಯುತ್ತೇನೆ. ಮುಕ್ಕಾಲು ಗಂಟೆ ಬೆಚ್ಚಗಿರುತ್ತದೆ. ನೋಡುವವರಿಗೆ ಹೊಟ್ಟೆ ಸ್ವಲ್ಪ ದಪ್ಪ ಕಾಣುತ್ತದೆ. ಒಂದು ಸಲ ಒಬ್ಬ ಹಿರಿಯರು ‘ಕೂತ್ಕೊಳಮ್ಮ, ಎಷ್ಟು ತಿಂಗಳು?’ ಅಂತ ಸೀಟು ಬಿಟ್ಟುಕೊಟ್ಟರು. ನಾನು ಸುಮ್ನೆ ಕೂತುಕೊಂಡೆ.

ಎರಡನೇ ಸ್ಥಾನ ಶುಂಠಿಗೆ. ಹಸಿಶುಂಠಿ ಟೀ ಕುಡಿದು ಏನೂ ಆಗಲಿಲ್ಲ ಅನ್ನುವವರು ತುಂಬಾ ಜನ. ಪ್ರಮಾಣ ಸಾಲದೇ ಇರಬಹುದು. ಮುಟ್ಟಿನ ನೋವಿಗೆ ಶುಂಠಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಮೊದಲ ಮೂರ್ನಾಲ್ಕು ದಿನ, ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ ಕೊಟ್ಟಿದ್ದಾರೆ. ಅರ್ಧ ಟೀ ಚಮಚ ಪುಡಿ ಸುಮಾರು ಒಂದು ಗ್ರಾಂ. ನಾನು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಚಮಚ ಹಾಕಿ, ಜೀರಿಗೆ, ಕೊತ್ತಂಬರಿ ಬೀಜ, ಒಂದು ಉಂಡೆ ಬೆಲ್ಲದ ಜೊತೆ ಕಷಾಯ ಕುದಿಸುತ್ತೇನೆ. ಜೀರಿಗೆ ಬೆಲ್ಲ ರುಚಿಗೆ, ಕೆಲಸ ಶುಂಠಿಯದು. ಖಾಲಿ ಹೊಟ್ಟೆಯಲ್ಲಿ ಕುಡಿದು ಒಂದು ಸಲ ಎದೆಯುರಿ ಬಂದು, ನೋವೇ ವಾಸಿ ಅನ್ನಿಸಿತ್ತು. ಹಾಗಾಗಿ ತಿಂಡಿ ತಿಂದ ಮೇಲೇ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬೇಡಿ.

ಓಂಕಾಳು ಹೊಟ್ಟೆಯುಬ್ಬರಕ್ಕೆ ಒಳ್ಳೆಯದು, ಹಿಂಡುವ ನೋವಿಗೆ ನನಗೆ ಆಗಲಿಲ್ಲ. ಹರಳೆಣ್ಣೆ ಹೊಕ್ಕುಳಿಗೆ ಹಚ್ಚಿ ಹಾಸಿಗೆ ಬಟ್ಟೆ ಹಾಳಾಯಿತು, ಅಷ್ಟೇ. ಅರಿಶಿನದ ಹಾಲು, ಮೆಂತ್ಯ ನುಂಗುವುದು ಎರಡೆರಡು ತಿಂಗಳು ಮಾಡಿದೆ, ಅಂಕಿ ಕದಲಲಿಲ್ಲ. ಕಾಫಿ ಬಿಟ್ಟು ನೋಡಿ ಅಂದರು. ಬಿಟ್ಟೆ. ಹೊಟ್ಟೆನೋವಿನ ಜೊತೆ ತಲೆನೋವೂ ಬಂತು. ಮತ್ತೆ ಕುಡಿಯಲು ಶುರುಮಾಡಿದೆ, ಈ ವಿಷಯದಲ್ಲಿ ನನ್ನನ್ನು ಯಾರೂ ಬದಲಿಸಲಾರರು.

ನನಗೆ ಆಶ್ಚರ್ಯ ತಂದದ್ದು ನಡಿಗೆ. ಮುಟ್ಟಾದಾಗ ಮೂಲೆಯಲ್ಲಿ ಕೂರಿಸುವ ಮನೆಯಲ್ಲಿ ಬೆಳೆದವಳು ನಾನು. ಆ ದಿನ ನಡೆಯುವುದು ಅಂದರೆ ಏನೋ ಅಪರಾಧ ಅನ್ನಿಸುತ್ತಿತ್ತು. ಆದರೆ ವಾರಕ್ಕೆ ಮೂರು ದಿನವಾದರೂ 45ರಿಂದ 60 ನಿಮಿಷ ವ್ಯಾಯಾಮ ಮಾಡುವ ಹೆಂಗಸರಿಗೆ ಮುಟ್ಟಿನ ನೋವು ಕಡಿಮೆಯಾಗುತ್ತದೆ ಅಂತ ಓದಿ, ತುಮಕೂರಿನ ಅಮಾನಿಕೆರೆ ಸುತ್ತ ನಡೆಯಲು ಶುರುಮಾಡಿದೆ. ಮೊದಲ ತಿಂಗಳು ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೇ ತಿಂಗಳಿನ ಚುಕ್ಕಿಯ ಪಕ್ಕ 6 ಇದೆ. ಶಾಖದ ಗುಣ ಆ ಗಳಿಗೆಗೆ, ನಡಿಗೆಯದು ನಿಧಾನ. ಮಳೆಗಾಲದಲ್ಲಿ ನಡಿಗೆ ತಪ್ಪಿದರೆ ಅಂಕಿ ಮೇಲೆ ಹೋಗುವುದನ್ನೂ ನೋಡಿದ್ದೇನೆ. ನೋವಿರುವ ದಿನ ಬಿರುಸಾಗಿ ಏನೂ ಮಾಡುವುದಿಲ್ಲ. ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸುವ ಬಾಲಾಸನ, ಬೆಕ್ಕಿನ ಹಾಗೆ ಬೆನ್ನು ಎತ್ತಿ ಇಳಿಸುವ ಮಾರ್ಜಾಲಾಸನ, ಆಮೇಲೆ ಮನೆಯೊಳಗೇ ಒಂದಿಷ್ಟು ಓಡಾಟ.

ಇನ್ನು ಐಬುಪ್ರೊಫೆನ್ ಥರದ ನೋವಿನ ಮಾತ್ರೆ. ನೈಸರ್ಗಿಕ ಅಂತ ಬರೆಯುವವರು ಮಾತ್ರೆ ವಿಷ ಅಂದುಬಿಡುತ್ತಾರೆ. ನಾನು ಹಾಗೆ ಹೇಳಲಾರೆ. ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುವ ಮಾತ್ರೆಗಳು ಇವು, ಅದಕ್ಕೇ ಬೇಗ ತೆಗೆದುಕೊಂಡರೆ ಚೆನ್ನಾಗಿ ಕೇಳುತ್ತವೆ. ಆದರೆ ಮೆಡಿಕಲ್ ಶಾಪಿನಲ್ಲಿ ‘ಹೊಟ್ಟೆನೋವಿಂದು ಕೊಡಿ’ ಅಂತ ಕೇಳಿ ನುಂಗುವ ಅಭ್ಯಾಸ ನನಗೂ ಇತ್ತು. 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ, ಮುಟ್ಟಿನ ನೋವಿಗೆ ಸಾಮಾನ್ಯವಾಗಿ ನುಂಗುವ ಮೆಫೆನಮಿಕ್ ಆಸಿಡ್ ಮಾತ್ರೆಯಿಂದ ಡ್ರೆಸ್ ಅನ್ನುವ ಗಂಭೀರ ಅಲರ್ಜಿ ಆಗಬಹುದು ಅಂತ ಎಚ್ಚರಿಕೆ ಕೊಟ್ಟಿತು. ಅದು ಅಪರೂಪ. ವಾಟ್ಸಾಪಿನಲ್ಲಿ ಮಾತ್ರ ಪ್ರಳಯವೇ ಆದ ಹಾಗೆ ಹರಿದಾಡಿತು. ನಾನು ಆಮೇಲೆ ಡಾಕ್ಟರನ್ನು ಕೇಳಿ, ನನಗೆ ಯಾವುದು, ಎಷ್ಟು ಅಂತ ಬರೆಸಿಕೊಂಡೆ. ಆಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಇಂಥ ಮಾತ್ರೆ ಆಗದಿರಬಹುದು. ವರ್ಷಕ್ಕೆ ಮೂರ್ನಾಲ್ಕು ಸಲ, ಅಂಕಿ 5 ದಾಟುವ ಸೂಚನೆ ಸಿಕ್ಕಾಗ, ಊಟ ಮಾಡಿ ಒಂದು ನುಂಗುತ್ತೇನೆ.

ನನ್ನ ಚಿಕ್ಕಮ್ಮನ ಮಗಳ ಕಥೆ ಬೇರೆ. ನನ್ನ ಬಾಟಲಿ, ಕಷಾಯ ಎಲ್ಲ ಅವಳಿಗೂ ಹೇಳಿಕೊಟ್ಟಿದ್ದೆ. ಅವಳಿಗೆ ಹತ್ತಲಿಲ್ಲ. ಅವಳ ನೋವು ಮುಟ್ಟಿಗೆ ಐದಾರು ದಿನ ಮೊದಲೇ ಬರುತ್ತಿತ್ತು, ಮುಗಿದ ಮೇಲೂ ಉಳಿಯುತ್ತಿತ್ತು. ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ಜೀವ ಹೋದ ಹಾಗೆ ಆಗುತ್ತಿತ್ತಂತೆ. ‘ಅಕ್ಕಂಗೆ ಕಷಾಯದಲ್ಲೇ ಹೋಯ್ತು, ನಿನಗ್ಯಾಕೆ ಹೋಗಲ್ಲ’ ಅಂತ ಮನೆಯವರು ಅವಳಿಗೇ ಬೈದಿದ್ದು ಗೊತ್ತಾದಾಗ ನನಗೆ ಮುಖ ಎತ್ತಲಾಗಲಿಲ್ಲ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಎರಡನೇ ಡಾಕ್ಟರು ಬಿಡದೆ ಹುಡುಕಿದರು, ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಯಿತು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ. ಶುಂಠಿಗೆ ಬಗ್ಗುವಂಥದ್ದಲ್ಲ. ನಿಮ್ಮ ನೋವು ಅವಳದರ ಥರ ಇದ್ದರೆ, ಗಂಟೆಗೊಂದು ಪ್ಯಾಡ್ ತುಂಬಿ ಹೋಗುತ್ತಿದ್ದರೆ, ಜೊತೆಗೆ ಜ್ವರ ಇದ್ದರೆ, ಅಥವಾ ಮುಟ್ಟು ತಪ್ಪಿ ಹೊಟ್ಟೆನೋವು ಬಂದಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ತಿಂಗಳಿಗೊಂದರಂತೆ ವರ್ಷಕ್ಕೆ 12, ಸಂಬಳ ಸಹಿತ, ಖಾಸಗಿ ಕಂಪನಿಗಳಿಗೂ. ನಾನು ಎರಡು ಸಲ ತೆಗೆದುಕೊಂಡೆ. ಮ್ಯಾನೇಜರಿಗೆ ಮೆಸೇಜ್ ಹಾಕುವಾಗ ಬೆರಳು ಇನ್ನೂ ತಡೆಯುತ್ತದೆ. ಒಂದು ಸಲ ದಿನವಿಡೀ ಮಲಗಿದೆ, ಅಂಕಿ 5. ಇನ್ನೊಂದು ಸಲ ಬೆಳಿಗ್ಗೆ ಶಾಖ ತಗೊಂಡು, ಹನ್ನೊಂದಕ್ಕೆ ಎದ್ದು ಮಾರ್ಕೆಟ್ಟಿಗೆ ನಡೆದು ಹೋಗಿ ಸೊಪ್ಪು ತಂದೆ, ಅಂಕಿ 3. ಎರಡೇ ಸಲದ್ದು, ಇದರಿಂದ ಏನೂ ಸಾಬೀತಾಗುವುದಿಲ್ಲ ಬಿಡಿ.

ಮುಂದಿನ ಚುಕ್ಕಿ ಗುರುವಾರದ ಆಸುಪಾಸು ಬೀಳಬೇಕು. ಬಾಟಲಿ ಮುಚ್ಚಳದ ರಬ್ಬರ್ ಸಡಿಲವಾಗಿ ನೀರು ಜಿನುಗುತ್ತಿದೆ, ಒಣಶುಂಠಿ ಪುಡಿಯೂ ಖಾಲಿ. ಬುಧವಾರ ಟ್ರೇನ್ ಇಳಿದ ಮೇಲೆ ಎರಡನ್ನೂ ತರಬೇಕು.