ವಕೀಲರ ಮೇಲೆ ದೂರು: ಕೊಡುವುದೆಲ್ಲಿ, ಹೇಗೆ?

ವಾಯಿದೆಗೆ ಹಾಜರಾಗದ, ಪಡೆದ ಹಣಕ್ಕೆ ಲೆಕ್ಕ ಕೊಡದ ವಕೀಲರ ಮೇಲೆ ದೂರಿದ್ದರೆ ಕಕ್ಷಿದಾರರು ಸಾಮಾನ್ಯವಾಗಿ ತಾಲ್ಲೂಕಿನ ವಕೀಲರ ಸಂಘಕ್ಕೆ ಹೋಗುತ್ತಾರೆ. ಸಂಘ ರಾಜಿ ಮಾಡಿಸಬಹುದು, ವಕೀಲರ ಸನ್ನದು (ವಕೀಲಿಕೆಯ ಪರವಾನಗಿ) ಮುಟ್ಟುವ ಅಧಿಕಾರ ಅದಕ್ಕಿಲ್ಲ. ಗ್ರಾಹಕರ ಆಯೋಗದ ದಾರಿಯನ್ನೂ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿದೆ. ಉಳಿದಿರುವುದು 1961ರ ವಕೀಲರ ಕಾಯ್ದೆಯಡಿ ರಚನೆಯಾದ ರಾಜ್ಯ ವಕೀಲರ ಪರಿಷತ್ತು.

ಪರಿಷತ್ತನ್ನು ನಡೆಸುವವರು ವಕೀಲರೇ. ಮತದಾರ ವಕೀಲರ ಸಂಖ್ಯೆ 10,000 ಮೀರಿದ ಕರ್ನಾಟಕದಂಥ ರಾಜ್ಯದಲ್ಲಿ 25 ಸದಸ್ಯರು ಪ್ರಾಶಸ್ತ್ಯದ ಮತಗಳಿಂದ ಐದು ವರ್ಷಕ್ಕೆ ಆಯ್ಕೆಯಾಗುತ್ತಾರೆ. ರಾಜ್ಯ ಸರ್ಕಾರದ ಹಿರಿಯ ಕಾನೂನು ಅಧಿಕಾರಿಯಾದ ಅಡ್ವೊಕೇಟ್ ಜನರಲ್ ಪದನಿಮಿತ್ತ ಸದಸ್ಯರು. ವಿಚಾರಣೆ ಮಾತ್ರ ಮೂವರ ಶಿಸ್ತು ಸಮಿತಿಯದು: ಇಬ್ಬರು ಪರಿಷತ್ತಿನವರು, ಒಬ್ಬರು ಹೊರಗಿನ ಅನುಭವಿ ವಕೀಲರು. ತೀರ್ಪು ಕೊಡುವ ಮೂವರೂ ವಕೀಲರಾದ್ದರಿಂದ ಬರೀ ಅಳಲು ಸಾಲದು, ದಾಖಲೆ ಬೇಕು.

ದೂರನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿಯ ರೂಪದಲ್ಲಿರಲಿ. ಸಹಿಯ ಜೊತೆ ಸತ್ಯಾಪನೆಯೂ (ಬರೆದದ್ದು ನಿಜವೆಂಬ ಹೇಳಿಕೆ) ಇರಬೇಕು, ನಿಗದಿತ ಶುಲ್ಕ ಕಟ್ಟಬೇಕು. ವಕೀಲರ ನೋಂದಣಿ ಸಂಖ್ಯೆಯನ್ನು ವಕಾಲತ್ತಿನ ನಕಲಿನಲ್ಲಿ ಹುಡುಕಿ. ಹಣ ಕೊಟ್ಟ ತಾರೀಖು, ಮೊತ್ತ, ರಸೀದಿ ಅಥವಾ ಬ್ಯಾಂಕ್ ವಿವರ ಸೇರಿಸಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ನ್ಯಾಯಾಲಯ ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ಬರೆದಿಡುವ ಆರ್ಡರ್ ಶೀಟ್‌ನ ದೃಢೀಕೃತ ನಕಲು: ‘ವಾದಿ ಪರ ವಕೀಲರು ಗೈರು’ ಎಂದು ಮೂರು ವಾಯಿದೆಗಳಲ್ಲಿ ದಾಖಲಾಗಿದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟ.

‘ಕೇಸ್ ಸೋತೆ’ ಎಂಬ ಒಂದೇ ಕಾರಣಕ್ಕೆ ಕೊಟ್ಟ ದೂರು ನಿಲ್ಲುವುದಿಲ್ಲ. ಫೀಸು ಬಾಕಿಯೆಂದು ಕಡತ ಹಿಡಿದಿಟ್ಟುಕೊಂಡಿದ್ದರೆ ನಿಲ್ಲುತ್ತದೆ. ಹಾಗೆ ಹಿಡಿದಿಡುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ದುರ್ನಡತೆ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ಪರಿಷತ್ತು ದೂರನ್ನು ಸಮಿತಿಗೆ ಒಪ್ಪಿಸುತ್ತದೆ. ಅದಕ್ಕೂ ಮೊದಲು ಹೆಚ್ಚಿನ ವಿವರ ಕೇಳಬಹುದು. ಕೇಳಿದ ಗಡುವಿನೊಳಗೆ ಕೊಡಿ. ದೂರು ತಲುಪಿದ ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಆದ್ದರಿಂದ ನೀವಾಗಿ ಮುಂದೂಡಿಕೆ ಕೇಳಬೇಡಿ. ನಡುವೆ ರಾಜಿಯಾಯಿತೆಂದೋ ದೂರು ಹಿಂಪಡೆದಿರೆಂದೋ ವಿಚಾರಣೆ ಕೈಬಿಡುವಂತಿಲ್ಲ. ಇದು ಒಳ್ಳೆಯ ನಿಯಮ, ಒತ್ತಡ ಹಾಕಿ ದೂರನ್ನು ಮುಚ್ಚಿಸುವವರಿಗೆ ಇದೇ ತಡೆ.

ಸಮಿತಿ ದೂರನ್ನು ವಜಾ ಮಾಡಬಹುದು. ಇಲ್ಲವೇ ಛೀಮಾರಿ, ಅಮಾನತು, ವಕೀಲರ ಪಟ್ಟಿಯಿಂದ ಹೆಸರು ತೆಗೆಯುವ ಶಿಕ್ಷೆ ಕೊಡಬಹುದು. ನಷ್ಟ ಪರಿಹಾರ ಇವುಗಳಲ್ಲಿಲ್ಲ, ಅದಕ್ಕೆ ಸಿವಿಲ್ ದಾವೆಯೇ ದಾರಿ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನಗಳಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ದಿನಗಳ ಲೆಕ್ಕ ಆದೇಶ ನಿಮಗೆ ತಿಳಿಸಿದ ದಿನದಿಂದ ಶುರುವಾಗುವುದರಿಂದ ಅಂಚೆಯ ಲಕೋಟೆಯನ್ನೂ ಎತ್ತಿಡಿ.