ಮೈನಸ್ 30ರಲ್ಲಿ ಬೈಬಲ್ ಓದುವುದು ಹೇಗೆ?

ಗದಗ ಕಡೆ ಬೆಳೆದ ನನಗೆ ಚಳಿ ಅಂದರೆ ಡಿಸೆಂಬರ್ ಬೆಳಿಗ್ಗೆ ಹೆಗಲ ಮೇಲೊಂದು ಶಾಲು, ಕೈಯಲ್ಲೊಂದು ಚಹಾ ಲೋಟ. ಅಷ್ಟೇ. ಕೆನಡಾದ ವಿನ್ನಿಪೆಗ್‌ಗೆ ಬಂದ ಮೊದಲ ಜನವರಿಯಲ್ಲಿ ಮೂಗಿನೊಳಗಿನ ಕೂದಲು ಕಡ್ಡಿಯ ಹಾಗೆ ಗಟ್ಟಿಯಾದಾಗ, ನಾನು ಅಲ್ಲಿಯವರೆಗೆ ಚಳಿಯನ್ನೇ ಕಂಡಿರಲಿಲ್ಲ ಅಂತ ಗೊತ್ತಾಯಿತು. ಇಲ್ಲಿ ರಾತ್ರಿ ಕಾರಿಗೂ ವೈರ್ ಚುಚ್ಚಿ ಇಂಜಿನ್ ಬೆಚ್ಚಗಿಡಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅವ್ವ ಮಾತ್ರ ಫೋನಿನಲ್ಲಿ "ಹಿಮ ಎಷ್ಟ್ ಚಂದ ಐತಿ, ಇನ್ನೊಮ್ಮೆ ತೋರ್ಸು" ಅನ್ನುತ್ತಿದ್ದಳು.

ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಚರ್ಚಿನ ಸಭೆ ಮುಗಿದ ಮೇಲೆ ಕೇಳುತ್ತಾರೆ, ಈ ಕಷ್ಟದಲ್ಲಿ ದೇವರನ್ನು ಹುಡುಕುವುದು ಹೇಗೆ ಅಂತ. ನಾನು ಪಾಸ್ಟರ್ ಅಲ್ಲ. ಏಳು ಚಳಿಗಾಲ ಕಳೆದಿದ್ದೇನೆ, ಅದರಿಂದ ಗೊತ್ತಾದದ್ದನ್ನು ಹೇಳುತ್ತೇನೆ.

ಮೊದಲು ಮೈ ಬೆಚ್ಚಗೆ ಮಾಡಿಕೊಳ್ಳಿ. ತಮಾಷೆ ಅಲ್ಲ. ಗಾಳಿ ಸೇರಿ ಮೈನಸ್ 40 ಅನ್ನಿಸುವ ದಿನ ತೆರೆದ ಚರ್ಮ 5ರಿಂದ 10 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಟೋಪಿ ಇಲ್ಲದೆ ಹೊರಟು "ದೇವರು ಕಾಪಾಡುತ್ತಾನೆ" ಅನ್ನುವುದು ನಂಬಿಕೆ ಅಲ್ಲ, ಮೊಂಡುತನ. ಮರುಭೂಮಿಯಲ್ಲಿ ಮರದ ಕೆಳಗೆ ಕೂತು "ಸಾಕು, ಜೀವ ತೆಗೆದುಕೋ" ಅಂದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ, ಅಲ್ವಾ? ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ಉಣಿಸಿದ. ಮಾತು ಆಮೇಲೆ ಬಂತು. ಹಾಗೇ, ಕತ್ತಲು ತಿಂಗಳುಗಳಲ್ಲಿ ಹಾಸಿಗೆಯಿಂದ ಏಳಲೂ ಮನಸ್ಸಾಗದೆ ವಾರಗಟ್ಟಲೆ ಅಳು ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೆಂದೇ ಬೆಳಿಗ್ಗೆ ಎದುರಿಗಿಟ್ಟು ಕೂರುವ ಪ್ರಖರ ದೀಪಗಳೂ ಇವೆ. ದೀಪದ ಮುಂದೆ ಕೂತರೆ ಪ್ರಾರ್ಥನೆ ಕೆಡುವುದಿಲ್ಲ, ನಾನಂತೂ ಅಲ್ಲೇ ಕೂತು ಪ್ರಾರ್ಥಿಸುತ್ತೇನೆ.

ಎರಡನೆಯದು, ಅರ್ಥ ಹೇಳಲು ಆತುರ ಬೇಡ. ಇದನ್ನು ತಪ್ಪು ಮಾಡಿಯೇ ಕಲಿತೆ. ಒಬ್ಬ ಹುಡುಗ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ, ಪಾರ್ಟ್‌ಟೈಮ್ ಕೆಲಸವೂ ಹೋಯಿತು. ನಾನು ದೊಡ್ಡ ವಿಶ್ವಾಸಿಯ ಹಾಗೆ "ಇದರಲ್ಲೂ ದೇವರ ಯೋಜನೆ ಇರುತ್ತೆ" ಅಂದೆ. ಅವನು ಏನೂ ಹೇಳದೆ ಪ್ಲಾಸ್ಟರ್ ಹಾಕಿದ ಕೈ ನೋಡಿಕೊಂಡ. ಆ ವಾರವೇ ಬೈಬಲ್‌ನ ಜ್ಞಾನೋಕ್ತಿಗಳು 25:20 ಕಣ್ಣಿಗೆ ಬಿತ್ತು. ಮನಸ್ಸು ನೊಂದವನ ಮುಂದೆ ಹಾಡು ಹಾಡುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡ ಹಾಗೆ ಅನ್ನುತ್ತದೆ ಅದು. ನಾನು ಮಾಡಿದ್ದು ಅದೇ ಅಲ್ವಾ! ಎಲ್ಲ ಕಳೆದುಕೊಂಡು ನರಳುತ್ತಿದ್ದ ಯೋಬನ ಗೆಳೆಯರೂ ಹೀಗೇ ಕಾರಣ ಹೇಳಲು ಹೋಗಿ ಬೈಸಿಕೊಂಡವರು. ದೇವರೇ ಮಾತಾಡಿದಾಗ ಯೋಬನ ಕಷ್ಟಕ್ಕೆ ಕಾರಣ ಕೊಡಲಿಲ್ಲ, "ಹಿಮದ ಉಗ್ರಾಣಗಳ ಒಳಗೆ ಹೋಗಿದ್ದೀಯಾ?" ಅಂತ ತಿರುಗಿ ಕೇಳಿದ. ಆದ್ದರಿಂದ ಚಳಿಯನ್ನು ಶಿಕ್ಷೆ ಅನ್ನಬೇಡಿ, ಪರೀಕ್ಷೆ ಅಂತಲೂ ಅನ್ನಬೇಡಿ. "ದೇವರೇ, ಇದು ನನಗೆ ಇಷ್ಟ ಇಲ್ಲ" ಅಂತ ನೇರ ಹೇಳಿ. ಬೈಬಲ್‌ನ ಕೀರ್ತನೆಗಳಲ್ಲಿ ಅದಕ್ಕಿಂತ ಖಾರದ ಮಾತುಗಳಿವೆ.

ಇನ್ನು ಓದುವ ಬಗೆ. ಊರಿನಲ್ಲಿ ಓದುವಾಗ ಹಿಮ ಅಂತ ಬಂದರೆ ನಾವು ಸುಮ್ನೆ ದಾಟಿಬಿಡುತ್ತಿದ್ದೆವು. ಇಲ್ಲಿ ಆ ವಚನಗಳನ್ನೇ ಹುಡುಕಿ ಓದಿ, ವಾರಕ್ಕೆ ಒಂದೇ ಸಾಕು, ಹೊರಗಿನಿಂದ ಬಂದು ಕೆನ್ನೆ ಇನ್ನೂ ಉರಿಯುತ್ತಿರುವಾಗಲೇ ಓದಿ. ಕೀರ್ತನೆ 147ರಿಂದ ಶುರು ಮಾಡಿ. ದೇವರು ಹಿಮವನ್ನು ಉಣ್ಣೆಯ ಹಾಗೆ ಕೊಡುತ್ತಾನೆ ಅನ್ನುತ್ತದೆ. ನಾನು ಬಹಳ ದಿನ ಇದು ಬಿಳಿ ಬಣ್ಣದ ಹೋಲಿಕೆ ಅಂದುಕೊಂಡಿದ್ದೆ. ಆದರೆ ವಿನ್ನಿಪೆಗ್ ಇರುವ ಈ ಮ್ಯಾನಿಟೋಬಾ ಸೀಮೆಯ ಗೋಧಿ ಹೊಲ ನೋಡಿದ ಮೇಲೆ ಬೇರೆಯದೇ ಕಾಣತೊಡಗಿತು. ಚಳಿಗಾಲದ ಗೋಧಿಯನ್ನು ಸೆಪ್ಟೆಂಬರ್ ಸುಮಾರಿಗೆ ಬಿತ್ತುತ್ತಾರೆ. ಸಸಿ ಸ್ವಲ್ಪ ಎದ್ದು ನಿಲ್ಲುತ್ತದೆ, ಅಷ್ಟರಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಹೊಸ ಹಿಮದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಇರುವುದು ಗಾಳಿಯೇ, ಕಂಬಳಿಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡ ಹಾಗೆ. ಹಾಗಾಗಿ ಮೇಲೆ ಮೈನಸ್ 30 ಇದ್ದರೂ ಹಿಮದ ಕೆಳಗೆ ಸಸಿಯ ಬುಡಕ್ಕೆ ಅಷ್ಟು ಚಳಿ ಮುಟ್ಟುವುದಿಲ್ಲ. ಹಿಮ ಬೀಳದೆ ಬರೀ ಚಳಿ ಹೊಡೆದ ವರ್ಷವೇ ರೈತರಿಗೆ ಭಯ. ಇನ್ನೊಂದು ಸಂಗತಿ, ಈ ಗೋಧಿಗೆ ಕೆಲವು ವಾರ ಚಳಿ ತಾಗಲೇಬೇಕು, ಇಲ್ಲದಿದ್ದರೆ ಅದು ಸರಿಯಾಗಿ ತೆನೆ ಕಟ್ಟುವುದಿಲ್ಲ. ಇದನ್ನು ತಿಳಿದುಕೊಂಡು ಯೆಶಾಯ 55:10 ಓದಿ. ಮಳೆಯೂ ಹಿಮವೂ ಬಿದ್ದು ಭೂಮಿಯನ್ನು ತೋಯಿಸಿ, ಬಿತ್ತುವವನಿಗೆ ಬೀಜ, ಉಣ್ಣುವವನಿಗೆ ರೊಟ್ಟಿ ಕೊಡುವ ಹಾಗೆಯೇ ನನ್ನ ಮಾತೂ ಅಂತ ದೇವರು ಹೇಳುತ್ತಾನೆ. ಮಳೆಯಾದರೆ ಬಿದ್ದ ತಕ್ಷಣ ಇಂಗುತ್ತದೆ. ಹಿಮ ತಿಂಗಳುಗಟ್ಟಲೆ ಮೇಲೇ ಕೂತಿರುತ್ತದೆ, ಏನೂ ಕೆಲಸ ಮಾಡದ ಹಾಗೆ ಕಾಣುತ್ತದೆ. ಪ್ರಾರ್ಥಿಸಿ ಉತ್ತರ ಸಿಗದ ತಿಂಗಳುಗಳಲ್ಲಿ ನನಗೆ ಈ ವಚನ ಆಸರೆಯಾಯಿತು. ಆದರೆ ಇದನ್ನು ನಿಮ್ಮ ಮೇಲೆ ನೀವೇ ಹಾಕಿಕೊಳ್ಳಿ, ಕೈ ಮುರಿದವನ ಮೇಲೆ ಹಾಕಬೇಡಿ.

ಹಿಮ ಎತ್ತುವ ಕೆಲಸ ಹೇಗೂ ತಪ್ಪಿದ್ದಲ್ಲ, ಮನೆ ಮುಂದಿನ ದಾರಿ ಬಿಡಿಸಲೇಬೇಕು. ಆಗ ನಾನು ಒಂದೊಂದು ಸಲಿಕೆಗೆ ಒಂದೊಂದು ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಅವ್ವ, ತಂಗಿ, ಆಫೀಸಿನಲ್ಲಿ ಕಾಡುವವನು (ಅವನಿಗೆ ದೊಡ್ಡ ಸಲಿಕೆ). ಉಸಿರು ಬಿಗಿಯಾದರೆ ನಿಲ್ಲಿಸಿ, ಒದ್ದೆ ಹಿಮ ಭಾರ ಇರುತ್ತದೆ, ಎದೆಗೆ ಒಳ್ಳೆಯದಲ್ಲ. ಮುಗಿದ ಮೇಲೆ ಶಕ್ತಿ ಉಳಿದಿದ್ದರೆ ಪಕ್ಕದ ಮನೆಯ ಅಜ್ಜಿಯ ಮೆಟ್ಟಿಲನ್ನೂ ಬಿಡಿಸಿ.

ಕೊನೆಗೆ ಹೇಳಲೇಬೇಕಾದದ್ದು ಮೇಲಂಗಿಯ ವಿಷಯ. ಸೆರೆಯಲ್ಲಿದ್ದ ಪೌಲ ತಿಮೊಥೆಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯ ನೋಡಿ. ತ್ರೋವ ಅನ್ನುವ ಊರಿನಲ್ಲಿ ಕರ್ಪ ಅನ್ನುವವನ ಬಳಿ ಬಿಟ್ಟುಬಂದ ಮೇಲಂಗಿ ತೆಗೆದುಕೊಂಡು ಬಾ ಅನ್ನುತ್ತಾನೆ. ಸ್ವಲ್ಪ ಕೆಳಗೆ, ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನ ಮಾಡು ಅನ್ನುತ್ತಾನೆ. ಅಷ್ಟು ದೊಡ್ಡ ಅಪೊಸ್ತಲನಿಗೂ ಚಳಿ ಆಗುತ್ತಿತ್ತು, ಅವನು ನಾಚಿಕೆಪಡದೆ ಕೇಳಿದ. ನೀವೂ ಕೇಳಿ. ಜಾಕೆಟ್ ಇಲ್ಲದಿದ್ದರೆ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿ. ನಮ್ಮವರು ಬೇಡಲು ಸಂಕೋಚಪಟ್ಟು ಎರಡು ಸ್ವೆಟರ್ ಮೇಲೆ ಮಳೆಕೋಟು ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಡುಗುವುದನ್ನು ನೋಡಿದ್ದೇನೆ.

ಇರುವವರು ಕೊಡಿ. "ಸಮಾಧಾನದಿಂದ ಹೋಗು, ಬೆಂಕಿ ಕಾಯಿಸಿಕೋ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ತನ್ನ ಪತ್ರದಲ್ಲಿ ಕೇಳಿದ್ದಾನೆ. ನಾಲ್ಕನೇ ಶತಮಾನದಲ್ಲಿ, ಈಗಿನ ಫ್ರಾನ್ಸಿನ ಅಮಿಯೆನ್ ಊರಿನ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಸೈನಿಕ ಮಾರ್ಟಿನ್ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಕಥೆ ಕೇಳಿರುತ್ತೀರಿ. ನನಗೆ ಅದರಲ್ಲಿ ಹಿಡಿಸುವುದು ಆ ಅರ್ಧ. ಅವನೂ ಅದೇ ಚಳಿಯಲ್ಲಿ ಮುಂದೆ ಹೋಗಬೇಕಿತ್ತಲ್ಲ.

ಜನವರಿಯ ಸೆಮಿಸ್ಟರ್‌ಗೆ ಬರುವ ಮಕ್ಕಳು ಬೆಂಗಳೂರಿನಲ್ಲಿ ಕೊಂಡ ತೆಳ್ಳನೆಯ ಜಾಕೆಟ್‌ನಲ್ಲೇ ಇಳಿಯುತ್ತಾರೆ. ಕರೆದುಕೊಂಡು ಬರಲು ಹೋಗುವಾಗ ಒಂದು ದಪ್ಪ ಜಾಕೆಟ್ ಕಾರಿನಲ್ಲಿರಲಿ. ಕೈಗವಸೂ ಇಟ್ಟುಕೊಳ್ಳಿ, ಎಲ್ಲರೂ ಮರೆಯುವುದು ಅದನ್ನೇ.