ಕಡಲಾಮೆಯ ಗೂಡು ಕಂಡರೆ: ಮೊದಲ ಆರು ಗಂಟೆ, ಆಮೇಲಿನ ಐವತ್ತು ದಿನ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ, ಮಂಗಳೂರು ಕಡೆಯ ಸಸಿಹಿತ್ಲು ಇಂಥ ದಡಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ನಡೆದರೆ, ನೀರಿನಿಂದ ಮೇಲೇರಿ ಮತ್ತೆ ನೀರಿಗಿಳಿದ ಗುರುತೊಂದು ಕಣ್ಣಿಗೆ ಬೀಳಬಹುದು. ಸಣ್ಣ ಟ್ರ್ಯಾಕ್ಟರ್ ಹಾದುಹೋದಂತಿರುತ್ತದೆ. ಅದು ರಾತ್ರಿ ಬಂದುಹೋದ ಆಲಿವ್ ರಿಡ್ಲಿ ಕಡಲಾಮೆಯ ದಾರಿ. ಒಡಿಶಾದ ಗಹಿರ್‌ಮಥಾ, ಋಷಿಕುಲ್ಯಾಗಳಲ್ಲಿ ಬರುವಂತೆ ಇಲ್ಲಿ ಸಾವಿರಗಟ್ಟಲೆ ಆಮೆಗಳು ಒಟ್ಟಿಗೆ ದಡ ಹತ್ತುವುದಿಲ್ಲ. ಇಂದು ಒಂದು, ಮುಂದಿನ ವಾರ ಇನ್ನೆಲ್ಲೋ ಇನ್ನೊಂದು. ಹಾಗಾಗಿ ಇಲ್ಲಿ ಒಂದೊಂದು ಗೂಡಿಗೂ ಬೇರೆಯೇ ಲೆಕ್ಕ.

ಮೊದಲು ಫೋನು, ಆಮೇಲೆ ಕೈ. ಆಲಿವ್ ರಿಡ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ. ಅನುಮತಿಯಿಲ್ಲದೆ ಮೊಟ್ಟೆ ಎತ್ತಿದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದು ಅಪರಾಧವೇ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಚೇರಿಗೆ ಕರೆ ಮಾಡಿ. ಮೊಟ್ಟೆಗೆ ಕೈಹಾಕುವ ಹಂತಗಳೇನಿದ್ದರೂ ಇಲಾಖೆಯ ಸಿಬ್ಬಂದಿ ಬಂದ ಮೇಲೆ, ಅವರ ಜೊತೆ ಕೆಲಸ ಮಾಡುವವರಿಗೆ. ಅವರು ಬರುವ ತನಕ ನಾಯಿ ಮತ್ತು ಜನ ಎರಡನ್ನೂ ದೂರವಿಟ್ಟು, ಹೊತ್ತು ಬರೆದಿಟ್ಟುಕೊಂಡರೆ ಸಾಕು. ಗುರುತನ್ನು ತುಳಿಯಬೇಡಿ. ಗೂಡು ಹುಡುಕುವುದಕ್ಕೆ ಅದೇ ನಕಾಶೆ.

ಗುರುತು ಓದುವುದು

ರಿಡ್ಲಿಯ ಗುರುತು ಸುಮಾರು 70–80 ಸೆಂ.ಮೀ. ಅಗಲ. ಎಡ-ಬಲ ಕಾಲುಗಳನ್ನು ಒಂದಾದ ಮೇಲೊಂದು ಎತ್ತಿಡುವುದರಿಂದ ಎರಡು ಬದಿಯ ಅಚ್ಚುಗಳು ಎದುರುಬದುರು ಕೂರುವುದಿಲ್ಲ, ಹಿಂದುಮುಂದಾಗಿರುತ್ತವೆ. ಅಚ್ಚುಗಳು ಸರಿಯಾಗಿ ಎದುರುಬದುರಾಗಿದ್ದು, ಗುರುತೂ ಹೆಚ್ಚು ಅಗಲವಿದ್ದರೆ ಅದು ಹಸಿರು ಕಡಲಾಮೆ ಇರಬಹುದು. ಇಲಾಖೆಗೆ ಹೇಳುವಾಗ ಈ ಸಂಗತಿ ಬಿಡಬೇಡಿ.

ಆಮೆ ಮರಳನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುತ್ತದೆ, ಅದರಿಂದ ಹೋದ ದಾರಿ ಯಾವುದು, ಬಂದ ದಾರಿ ಯಾವುದು ಎಂದು ತಿಳಿಯುತ್ತದೆ. ಎರಡೂ ಕೂಡುವ ಜಾಗದಲ್ಲಿ ಮರಳು ಕೆದರಿ, ತಟ್ಟಿ ಸಮಮಾಡಿದಂತಿದ್ದರೆ ಗೂಡು ಅಲ್ಲಿದೆ. ಮೊಟ್ಟೆಯಿಟ್ಟ ಮೇಲೆ ರಿಡ್ಲಿ ಮೈಯನ್ನು ಅತ್ತಿತ್ತ ವಾಲಿಸಿ ಮರಳನ್ನು ಬಡಿದು ಗಟ್ಟಿಮಾಡುತ್ತದೆ. ಬರೀ ತಿರುಗಿ ಹೋದ ಗುರುತಿದ್ದು, ಕೆದರಿದ ಜಾಗವೇ ಇಲ್ಲದಿದ್ದರೆ ಬೆಳಕಿಗೋ ಗದ್ದಲಕ್ಕೋ ಬೆದರಿ ಮೊಟ್ಟೆಯಿಡದೆ ಮರಳಿದೆ ಎಂದರ್ಥ. ಅಂಥ ಕಡೆ ಮುಂದಿನ ಒಂದೆರಡು ರಾತ್ರಿ ಕಣ್ಣಿಡಿ. ಅದೇ ಆಮೆ ಆಸುಪಾಸಿನಲ್ಲಿ ಮತ್ತೆ ದಡ ಹತ್ತುವ ಸಾಧ್ಯತೆ ಹೆಚ್ಚು.

ಮೊಟ್ಟೆಯ ನಿಖರ ಜಾಗ ತಿಳಿಯಲು ಕೆಲವರು ಕೋಲು ಚುಚ್ಚುತ್ತಾರೆ. ತುದಿ ಮೊಂಡಾದ ಕೋಲನ್ನು ಪಳಗಿದ ಕೈ ನಿಧಾನಕ್ಕೆ ಒತ್ತಿದರೆ, ಗೂಡಿನ ಮೇಲೆ ಮರಳು ಫಕ್ಕನೆ ಸಡಿಲವಾಗಿ ಒಳಗೆ ಜಾರುತ್ತದೆ. ಹೊಸಬರು ಚುಚ್ಚಿದರೆ ಒಂದೆರಡು ಮೊಟ್ಟೆ ಒಡೆಯುವುದು ಖಂಡಿತ. ಒಡೆದ ಒಂದು ಮೊಟ್ಟೆಗೆ ಇರುವೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ, ಅದು ಪಕ್ಕದ ಹತ್ತಕ್ಕೆ ಹಬ್ಬುತ್ತದೆ. ಬೆರಳಿನಿಂದ ಮರಳು ಸರಿಸುತ್ತ ಹೋಗುವುದೇ ವಾಸಿ, ಹೊತ್ತು ಹಿಡಿದರೂ ಸರಿ.

ಎತ್ತಬೇಕೋ, ಬಿಡಬೇಕೋ?

ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಗೂಡು ಸಿಕ್ಕಿತೆಂದರೆ ಮೊಟ್ಟೆಗಳನ್ನು ಎತ್ತಿ, ಬೇಲಿ ಕಟ್ಟಿ ಕಾಯುವ ಜಾಗದೊಳಗೆ ಹೂತಿಡುವುದೇ ರಕ್ಷಣೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಆದರೆ ತಾಯಿ ಆರಿಸಿದ ಜಾಗದ ತೇವ, ಶಾಖ, ಗಾಳಿಯಾಡುವಿಕೆಯನ್ನು ನಾವು ತೋಡಿದ ಗುಂಡಿಯಲ್ಲಿ ಹಾಗೆಯೇ ತರುವುದು ಕಷ್ಟ. ಆದ್ದರಿಂದ ಬಿಡಲು ಸಾಧ್ಯವಿದ್ದರೆ ಬಿಡಿ.

ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಬಿಟ್ಟುಹೋದ ಕಸದ ಗೆರೆ ದಡದಲ್ಲಿ ಕಾಣುತ್ತದೆ. ಗೂಡು ಆ ಗೆರೆಗಿಂತ ಮೇಲಿದ್ದರೆ ನೀರಿನ ಭಯ ಕಡಿಮೆ. ಒಂದೆರಡು ಅಲೆ ಮೇಲೆ ಹಾದುಹೋದರೆ ಮೊಟ್ಟೆ ಸಾಯುವುದಿಲ್ಲ. ನೀರು ಗೂಡಿನಲ್ಲಿ ನಿಂತು ಗಾಳಿ ಕಟ್ಟಿದರೆ ಸಾಯುತ್ತದೆ. ಎತ್ತಲೇಬೇಕಾದ ಸಂದರ್ಭಗಳು ಕೆಲವೇ: ದಿನವೂ ಉಬ್ಬರ ಮುಟ್ಟುವ ಜಾಗ, ಕಡಲ್ಕೊರೆತ ನಡೆಯುತ್ತಿರುವ ಅಂಚು, ದೋಣಿ ಎಳೆಯುವ ಅಥವಾ ಗಾಡಿ ಓಡಾಡುವ ದಾರಿ, ಮೊಟ್ಟೆ ಕದಿಯುವವರ ಕಾಟ.

ಬಿಡುವ ಗೂಡಿಗೆ ನಾಯಿ ಮತ್ತು ನರಿಯಿಂದ ಕಾವಲು ಬೇಕು. ಒಂದು ಮೀಟರ್ ಉದ್ದಗಲದ ಬಲೆಯನ್ನು ಗೂಡಿನ ನೇರ ಮೇಲೆ, ಮರಳಿನ 10–15 ಸೆಂ.ಮೀ. ಆಳದಲ್ಲಿ ಹೂತು, ನಾಲ್ಕು ಮೂಲೆಗೆ ಗೂಟ ಬಡಿಯಿರಿ. ಬಲೆಯ ಕಣ್ಣು 5×10 ಸೆಂ.ಮೀ.ನಷ್ಟಿರಲಿ: ಮರಿ ದಾಟಬೇಕು, ನಾಯಿಯ ಮೂತಿ ತೂರಬಾರದು. ಮೀನು ಬಲೆಯ ತುಂಡು ಹಾಸಿದರೆ ಮರಿಗಳು ಅದರಲ್ಲೇ ಸಿಕ್ಕಿಹಾಕಿಕೊಂಡು ಬೆಳಗಾಗುವಷ್ಟರಲ್ಲಿ ಕಾಗೆಗಳ ಪಾಲಾಗುತ್ತವೆ. ಕಬ್ಬಿಣದ ತಂತಿಗಿಂತ ಗಟ್ಟಿ ಪ್ಲಾಸ್ಟಿಕ್ ಜಾಲರಿ ಮೇಲು. ಮರಿಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ಕಾಣುವ ಜೀವಿಗಳು, ಗೂಡಿನ ಸುತ್ತ ಕಬ್ಬಿಣ ಇಲ್ಲದಿರುವುದೇ ಸುರಕ್ಷಿತ.

ಎತ್ತುವುದಾದರೆ

ಮೊಟ್ಟೆಯಿಟ್ಟು ಆರು ಗಂಟೆಯೊಳಗೆ ಕೆಲಸ ಮುಗಿಯಬೇಕು. ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಆಮೇಲೆ ಭ್ರೂಣ ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ಉರುಳಿದರೆ ಪೊರೆ ಹರಿದು ಭ್ರೂಣ ಅಲ್ಲೇ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆ ಚೆನ್ನಾಗಿಯೇ ಇರುತ್ತದೆ, ಐವತ್ತು ದಿನ ಕಾದ ಮೇಲೇ ಸಂಗತಿ ಗೊತ್ತಾಗುವುದು. ಮೊಟ್ಟೆಯ ಮೇಲ್ಬದಿಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಹೊತ್ತು ಮೀರಿದೆ ಎಂದು ತಿಳಿದು ಮುಚ್ಚಿಬಿಡಿ.

ಕೈ ತೊಳೆದಿರಲಿ, ಸೊಳ್ಳೆ ಎಣ್ಣೆ ಹಚ್ಚಿರಬಾರದು, ಕೈಗವಸು ಇದ್ದರೆ ಹಾಕಿ. ಮೇಲಿನ ಮೊಟ್ಟೆ ತನಕ ಎಷ್ಟು ಆಳ, ತಳದ ತನಕ ಎಷ್ಟು ಆಳ ಎಂದು ಟೇಪಿನಲ್ಲಿ ಅಳೆದು ಬರೆಯಿರಿ. ತಳ ಸಾಮಾನ್ಯವಾಗಿ ಒಂದು ಮೊಳ, ಅಂದರೆ 45 ಸೆಂ.ಮೀ. ಆಸುಪಾಸು. ಪಿಂಗ್‌ಪಾಂಗ್ ಚೆಂಡಿನ ಗಾತ್ರದ, ಮೆತ್ತನೆಯ ಸಿಪ್ಪೆಯ 100–120 ಮೊಟ್ಟೆ ಇರುತ್ತವೆ. ಒಂದೊಂದನ್ನೂ ಇದ್ದ ಬದಿಯಲ್ಲೇ ಎತ್ತಿ, ಗೂಡಿನದೇ ಹಸಿಮರಳು ಹಾಸಿದ ಬಕೆಟ್ಟಿನಲ್ಲಿಡಿ. ಎತ್ತುವಾಗಲೇ ಎಣಿಸಿಕೊಳ್ಳಿ. ಬೈಕಿನಲ್ಲಿ ಒಯ್ಯಬೇಡಿ. ದೂರವಿದ್ದರೂ ನಡೆದೇ ಹೋಗಿ.

ಹೊಸ ಗುಂಡಿ ಮಡಕೆಯ ಆಕಾರದಲ್ಲಿರಬೇಕು: ಕತ್ತು ಒಂದು ಗೇಣು, ಹೊಟ್ಟೆ ಸುಮಾರು 30 ಸೆಂ.ಮೀ., ಆಳ ಅಳೆದಷ್ಟೇ. ನೇರ ಕೊಳವೆಯಂತೆ ತೋಡಿದರೆ ಮೊಟ್ಟೆಗಳು ಒಂದರ ಮೇಲೊಂದು ಒತ್ತಿ ಕೂರುತ್ತವೆ, ಕೆಳಗಿನವಕ್ಕೆ ಗಾಳಿ ಸಿಗದು. ಮುಚ್ಚುವಾಗ ಹಸಿಮರಳು ಮೊದಲು, ಒಣಮರಳು ಕೊನೆಗೆ. ಅಂಗೈಯಿಂದ ಮೆಲ್ಲಗೆ ತಟ್ಟಿ, ಕಾಲಿನಿಂದ ತುಳಿಯಬೇಡಿ. ಗೂಡಿನಿಂದ ಗೂಡಿಗೆ ಒಂದು ಮೀಟರ್ ಅಂತರವಿರಲಿ. ಪಕ್ಕದಲ್ಲಿ ಗಾಳಿಮರವಿದ್ದರೆ ಬೇರು ಒಳನುಗ್ಗುತ್ತದೆ, ಆದ್ದರಿಂದ ಜಾಗ ದೂರ ಆರಿಸಿ. ಕಳೆದ ವರ್ಷದ ಬೇಲಿಯ ಜಾಗವನ್ನೇ ಮತ್ತೆ ಬಳಸಬಾರದು, ಹಳೆಯ ಸಿಪ್ಪೆ ಕೊಳೆತ ಮರಳಿನಲ್ಲಿ ಬೂಸ್ಟು ಕಾದು ಕುಳಿತಿರುತ್ತದೆ.

ಕಾಯುವ ದಿನಗಳು

ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಶಾಖ. 29–30 ಡಿಗ್ರಿ ಸೆಲ್ಸಿಯಸ್ ಹತ್ತಿರ ಎರಡೂ ಬೆರೆಯುತ್ತವೆ, ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. 34–35 ದಾಟಿ ನಿಂತರೆ ಒಳಗೇ ಸಾಯತೊಡಗುತ್ತವೆ. ಡಿಸೆಂಬರಿನ ಗೂಡಿಗೆ ಇದರ ಚಿಂತೆ ಕಡಿಮೆ, ಮಾರ್ಚಿನ ಗೂಡಿಗೆ ಖಂಡಿತ ಇದೆ. ಬಿಸಿಲೇರಿದಾಗ ಬೇಲಿಯ ಮೇಲೆ ತೆಂಗಿನ ಮಡಲು ಹೊದಿಸಿ. ಇಡೀ ಋತು ಮುಚ್ಚಿಟ್ಟರೆ ಬರೀ ಗಂಡು ಮರಿಗಳಾದಾವು. ಹಾಗಾಗಿ ಗೂಡಿನ ಆಳದಲ್ಲಿ ತಂತಿಯ ಥರ್ಮಾಮೀಟರ್ ಇಟ್ಟು ಅಳೆದೇ ತೀರ್ಮಾನಿಸಿ. ಮರಳು ಬಿಸಿಯೆಂದು ನೀರು ಚಿಮುಕಿಸುವ ಚಾಳಿ ಬೇಡ.

45 ದಿನದಿಂದ 60 ದಿನದೊಳಗೆ ಮರಿಯಾಗುತ್ತದೆ. ಬಿಸಿ ಹೆಚ್ಚಿದ್ದಷ್ಟೂ ಬೇಗ. 42ನೇ ದಿನಕ್ಕೆ ತಳವಿಲ್ಲದ ಬಿದಿರುಬುಟ್ಟಿಯನ್ನು ಗೂಡಿನ ಸುತ್ತ 10 ಸೆಂ.ಮೀ. ಹೂತು ನಿಲ್ಲಿಸಿ, ಇಲ್ಲವಾದರೆ ಏಡಿಗಳು ನಿಮಗಿಂತ ಮೊದಲು ಬಂದಿರುತ್ತವೆ. ಮೇಲಿನ ಮರಳು ಬಟ್ಟಲಿನಂತೆ ಕುಸಿದರೆ ಮರಿಗಳು ಸಿಪ್ಪೆ ಬಿಟ್ಟು ಮೇಲೇರುತ್ತಿವೆ ಎಂದು ಲೆಕ್ಕ. ಆ ರಾತ್ರಿಗಳಲ್ಲಿ ಅರ್ಧ ಗಂಟೆಗೊಮ್ಮೆ ನೋಡಬೇಕು. ಅಗೆದು ‘ಸಹಾಯ’ ಮಾಡಬೇಡಿ. ಮರಿಗಳು ಒಟ್ಟಾಗಿ ಮರಳು ಒದೆಯುತ್ತ ಎರಡು-ಮೂರು ದಿನ ಹತ್ತುವ ಹೊತ್ತಿಗೆ ಹೊಟ್ಟೆಯಡಿಯ ಹಳದಿ ಮೈಯೊಳಗೆ ಸೇರಿರುತ್ತದೆ.

ಹೊರಬಂದ ಕೂಡಲೇ, ಕತ್ತಲಿರುವಾಗಲೇ ಬಿಡಬೇಕು. ಮರಿಯ ಮೈಯಲ್ಲಿ ಸುಮಾರು ಒಂದು ದಿನ ಎಡೆಬಿಡದೆ ಈಜುವಷ್ಟು ಕಸುವು ಇರುತ್ತದೆ. ಮಂತ್ರಿಗಳು ಬರಲಿ, ಶಾಲಾ ಮಕ್ಕಳು ಬರಲಿ ಎಂದು ನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡರೆ ಆ ಕಸುವೆಲ್ಲ ಬಕೆಟ್ಟಿನ ಗೋಡೆಗೆ ಬಡಿದು ಮುಗಿಯುತ್ತದೆ. ಮರುದಿನ ಫೋಟೋ ಚೆನ್ನಾಗಿ ಬರುತ್ತದೆ, ಮರಿ ಕಡಲಲ್ಲಿ ತೇಲುತ್ತಿರುತ್ತದೆ ಅಷ್ಟೆ. ಹಗಲು ಹೊರಬಂದ ಮರಿಗಳನ್ನು ಹಸಿಮರಳು ಹಾಸಿದ ಬುಟ್ಟಿಯಲ್ಲಿ, ನೆರಳಲ್ಲಿ, ಮೇಲೆ ಬಟ್ಟೆ ಮುಚ್ಚಿ ಸಂಜೆಗತ್ತಲ ತನಕ ಇಡಬಹುದು.

ನೀರಿನಿಂದ 10–20 ಮೀಟರ್ ದೂರದಲ್ಲಿ ಬಿಟ್ಟು ತಾವೇ ನಡೆಯಲಿ. ಪ್ರತಿ ಸಲವೂ ಜಾಗ ಬದಲಿಸಿ, ಒಂದೇ ಕಡೆ ಬಿಟ್ಟರೆ ಮೀನುಗಳು ಅಲ್ಲೇ ಹೊಂಚುಹಾಕುತ್ತವೆ. ಮರಿಗಳು ಹೆಚ್ಚು ಬೆಳಕಿರುವ ಕಡೆ ಹರಿಯುತ್ತವೆ. ರೆಸಾರ್ಟಿನ ದೀಪವೋ ಮೀನು ಬಂದರಿನ ಹೈಮಾಸ್ಟೋ ಹಿಂದಿದ್ದರೆ ರಸ್ತೆಯ ಕಡೆಗೇ ತಿರುಗುತ್ತವೆ. ಆ ಗಂಟೆಗಾದರೂ ದೀಪ ಆರಿಸುವಂತೆ ಮೊದಲೇ ಮಾತಾಡಿಕೊಳ್ಳಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಮರಿಗಳಿಗಿಂತ ಮುಂದೆ ಯಾರೂ ನಿಲ್ಲಬಾರದು.

ಕೊನೆಯ ಮರಿ ಹೋದ ಎರಡು-ಮೂರು ದಿನಕ್ಕೆ ಗೂಡು ಅಗೆದು ಲೆಕ್ಕ ನೋಡಿ. ಅರ್ಧಕ್ಕಿಂತ ದೊಡ್ಡ ಸಿಪ್ಪೆಯನ್ನು ಒಂದು ಎಂದು ಎಣಿಸಿ, ಚೂರುಗಳನ್ನು ಬಿಡಿ. 112 ಮೊಟ್ಟೆ ಇಟ್ಟಲ್ಲಿ 89 ಸಿಪ್ಪೆ ಸಿಕ್ಕರೆ ಮರಿಯಾದದ್ದು ನೂರಕ್ಕೆ 79. ಮರಿಯಾಗದ ಮೊಟ್ಟೆಗಳನ್ನು ಒಡೆದು ನೋಡಿ. ಭ್ರೂಣ ಕಾಳಿನಷ್ಟಿರುವಾಗಲೇ ನಿಂತವು ಬಹಳವಿದ್ದರೆ ಎತ್ತುವಾಗ ತಡವಾಗಿದೆ ಇಲ್ಲವೇ ಉರುಳಿಸಿದ್ದೀರಿ ಎಂದು ಅನುಮಾನಿಸಬೇಕು. ಪೂರ್ತಿ ಬೆಳೆದು ಸತ್ತವು ಹೆಚ್ಚಿದ್ದರೆ ಬಿಸಿಲನ್ನೋ, ನಿಂತ ನೀರನ್ನೋ ಶಂಕಿಸಿ. ತಾರೀಕು, ಜಾಗ, ಆಳ, ಎಣಿಕೆ ಎಲ್ಲ ಸೇರಿಸಿ ಇಲಾಖೆಗೆ ಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಸಿಪ್ಪೆಗಳನ್ನು ಬೇಲಿಯಿಂದ ದೂರ ಹೂಳಿ, ಇಲ್ಲದಿದ್ದರೆ ಆ ವಾಸನೆಗೆ ನಾಯಿಗಳು ಉಳಿದ ಗೂಡುಗಳ ತನಕ ಬರುತ್ತವೆ.